ಒಂದು ವಿಳಾಸಕ್ಕೆ ಎರಡು ಸರ್ವರ್ ಏಕೆ?

ಥಂಡರ್‌ಬರ್ಡ್‌ನಂಥ ಮಿಂಚಂಚೆ ತಂತ್ರಾಂಶದಲ್ಲಿ ಖಾತೆ ಸೇರಿಸಲು ಕೂತವರಿಗೆಲ್ಲ ಒಂದು ಪ್ರಶ್ನೆ ಬರುತ್ತದೆ. ವಿಳಾಸ ಒಂದೇ ತಾನೇ? ಹಾಗಿದ್ದ ಮೇಲೆ ಒಳಬರುವ ಅಂಚೆಗೊಂದು, ಹೊರಹೋಗುವ ಅಂಚೆಗೊಂದು ಅಂತ ಎರಡು ಸರ್ವರ್ ಏಕೆ? ಈಗಿನ ತಂತ್ರಾಂಶಗಳು ಇದನ್ನೆಲ್ಲ ಸಾಮಾನ್ಯವಾಗಿ ತಾವೇ ಹುಡುಕಿ ತುಂಬಿಕೊಳ್ಳುತ್ತವೆ, ನಿಜ. ಆದರೂ ಆ ಎರಡು ಖಾನೆಗಳು ಅಲ್ಲೇ ಇವೆ. ಅವುಗಳ ಹಿಂದೆ ಒಂದು ಕಥೆಯೂ ಇದೆ.

ಮೊದಲು ಹುಟ್ಟಿದ್ದು ಕಳಿಸುವ ದಾರಿ. 1971ರಲ್ಲಿ ರೇ ಟಾಮ್ಲಿನ್ಸನ್ ಅಮೆರಿಕದ ಅರ್ಪಾನೆಟ್‌ನಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ವಿಳಾಸದ ನಡುವೆ @ ಕೂರಿಸಿದವರೂ ಅವರೇ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಗಳು ಪತ್ರ ಸಾಗಿಸುವ ಕ್ರಮವನ್ನು ಗೊತ್ತುಮಾಡಿದವು. ಆಗ ಪತ್ರವನ್ನು ಮನೆಗೆ ತರಿಸಿಕೊಳ್ಳುವ ಮಾತಿರಲಿಲ್ಲ. ದೊಡ್ಡ ಗಣಕಕ್ಕೆ ಬಂದದ್ದನ್ನು ಅದರ ಟರ್ಮಿನಲ್ ಮುಂದೆಯೇ ಕೂತು ಓದುತ್ತಿದ್ದರು.

ಮೇಜಿನ ಮೇಲೆ ಪಿಸಿ ಬಂದಾಗ ತೊಡಕು ಶುರುವಾಯಿತು. ಸಂಜೆ ಆರಿಸಿ ಹೋಗುವ ಯಂತ್ರಕ್ಕೆ ರಾತ್ರಿ ಪತ್ರ ಬಂದರೆ ತೆಗೆದುಕೊಳ್ಳುವವರು ಯಾರು? ಅದಕ್ಕೆಂದೇ 1984ರಲ್ಲಿ ಪಾಪ್, ಅಂದರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್ ಬಂತು, 1988ರಲ್ಲಿ ಪಾಪ್3. ಪತ್ರ ಅಂಚೆ ಕಚೇರಿಯಲ್ಲಿ ಕಾದಿರುತ್ತದೆ, ಬಿಡುವಾದಾಗ ನೀವೇ ಹೋಗಿ ತರಬೇಕು. ಅದೇ 1988ರಲ್ಲಿ ಸ್ಟೀವ್ ಡಾರ್ನರ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಮಿಂಚಂಚೆ ತಂತ್ರಾಂಶ ಬರೆದು ಅದಕ್ಕೆ ಯುಡೋರಾ ಎಂದು ಹೆಸರಿಟ್ಟರು. ಅಂಚೆ ಕಚೇರಿಯಲ್ಲೇ ಬಿಡಾರ ಹೂಡಿದ ಹೆಣ್ಣಿನ ಕಥೆ ಬರೆದ ಯುಡೋರಾ ವೆಲ್ಟಿಯ ಹೆಸರದು!

ಬೀದಿಯ ಕೆಂಪು ಡಬ್ಬಿಗೆ ಯಾರು ಬೇಕಾದರೂ ಪತ್ರ ಹಾಕಬಹುದಲ್ಲ, ಎಸ್‌ಎಂಟಿಪಿಯೂ ಮೊದಲಿಗೆ ಹಾಗೆಯೇ ಇತ್ತು. ಗುರುತು ಕೇಳುವ ಪದ್ಧತಿ ಅದರಲ್ಲಿರಲಿಲ್ಲ. ಸ್ಪ್ಯಾಮ್ ಕಾಟ ಹೆಚ್ಚಿದ ಮೇಲೆ, 1999ರಲ್ಲಿ, ಕಳಿಸುವಾಗಲೂ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಸೇರಿತು. ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸಿದವರಿಗೆ 'ಮೈ ಸರ್ವರ್ ರಿಕ್ವೈರ್ಸ್ ಅಥೆಂಟಿಕೇಶನ್' ಎಂಬ ಪುಟ್ಟ ಚೌಕ ನೆನಪಿರಬಹುದು. ಅದು ಈ ತೇಪೆಯ ಗುರುತು.

ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ಕೊಟ್ಟಾಗ ಪಾಪ್ ಹೇಳಿಮಾಡಿಸಿದಂತಿತ್ತು. ಮೋಡೆಮ್ ಕೂಗಿಸಿ ಸಂಪರ್ಕ ಪಡೆದು, ಪತ್ರ ಇಳಿಸಿಕೊಂಡು, ಫೋನ್ ಬಿಲ್ಲು ಏರುವ ಮೊದಲೇ ಸಂಪರ್ಕ ಕಡಿದು ನಿಧಾನವಾಗಿ ಓದಬಹುದಿತ್ತು. ಆದರೆ ಇಳಿಸಿಕೊಂಡ ಪತ್ರವನ್ನು ಸರ್ವರ್‌ನಿಂದ ಅಳಿಸುವುದೇ ಪಾಪ್‌ನ ಸಾಮಾನ್ಯ ರೂಢಿ. ಹಾರ್ಡ್ ಡಿಸ್ಕ್ ಕೆಟ್ಟರೆ ವರ್ಷಗಟ್ಟಲೆಯ ಪತ್ರಗಳೂ ಅದರ ಜೊತೆಗೇ ಹೋದಂತೆ.

ಇನ್ನೊಂದು ದಾರಿ ಐಮ್ಯಾಪ್. ಮಾರ್ಕ್ ಕ್ರಿಸ್ಪಿನ್ 1986ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ್ದು. ಇಲ್ಲಿ ಮೂಲ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಮನೆ, ಕಚೇರಿ, ಮೊಬೈಲ್ ಎಲ್ಲಿಂದ ನೋಡಿದರೂ ಒಂದೇ ಪೆಟ್ಟಿಗೆ. ಅನುಕೂಲವೇನೋ ಸರಿ. ಆದರೆ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ, ಮತ್ತು ಪೆಟ್ಟಿಗೆಯ ಬೀಗ ಕಂಪನಿಯ ಕೈಯಲ್ಲಿರುತ್ತದೆ.

ಹಾಗಾಗಿ ಪಾಪ್ ಅಥವಾ ಐಮ್ಯಾಪ್ ಎಂದು ಆರಿಸುವಾಗ ನಾವು ನಿರ್ಧರಿಸುವುದು ನಮ್ಮ ಪತ್ರಗಳು ಎಲ್ಲಿ ವಾಸಿಸಬೇಕು ಎಂಬುದನ್ನು. ಐಮ್ಯಾಪ್ ಆರಿಸಿದರೂ ಬೇಕಾದ ಪತ್ರಗಳ ಒಂದೊಂದು ಪ್ರತಿಯನ್ನು 'ಲೋಕಲ್ ಫೋಲ್ಡರ್ಸ್'ಗೆ ಹಾಕಿ, ಅದನ್ನು ಬೇರೊಂದು ಡಿಸ್ಕ್‌ಗೂ ನಕಲು ಮಾಡಿಡಿ. ಅಪ್ಪ-ಅಮ್ಮನ ಇನ್‌ಲ್ಯಾಂಡ್ ಲೆಟರ್‌ಗಳು ಟ್ರಂಕಿನಲ್ಲಿ ಉಳಿದವು. ನಮ್ಮವು ತಾವಾಗಿಯೇ ಉಳಿಯುವುದಿಲ್ಲ, ಅಲ್ಲವೇ?