ಉಬ್ಬುಚಿತ್ತಾರದ ಶುಭಾಶಯ ಪತ್ರ

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಯುಗಾದಿ ಕಾರ್ಡು ಬೇಕಾದರೆ ನಾವೇ ಮಾಡಿಕೊಳ್ಳಬೇಕು. ಈ ಕೈಕೆಲಸ ಅಮೆರಿಕಕ್ಕೆ ಹೊಸದೇನಲ್ಲ. 1847ರಲ್ಲಿ ಕಾಲೇಜು ಮುಗಿಸಿದ ಮ್ಯಾಸಚೂಸೆಟ್ಸಿನ ಎಸ್ತರ್ ಹೌಲ್ಯಾಂಡ್ ಇಂಗ್ಲೆಂಡಿನಿಂದ ಉಬ್ಬಚ್ಚಿನ ಜಾಲರಿ ಕಾಗದ ತರಿಸಿ, ಗೆಳತಿಯರನ್ನು ಕೂಡಿಸಿಕೊಂಡು ವ್ಯಾಲೆಂಟೈನ್ ಕಾರ್ಡು ತಯಾರಿಸಿದರು. ಅಲ್ಲಿ ಅಚ್ಚೊತ್ತಿ ಕಾಗದವನ್ನೇ ಉಬ್ಬಿಸುತ್ತಾರೆ. ನಮ್ಮ ಮೈಸೂರಿನ ರೀತಿಯೇ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಚಿತ್ರಗಳಲ್ಲಿ, ಸಫೇದ ಪುಡಿಗೆ ಗೋಂದು ಕಲಸಿದ ಗೆಸ್ಸೊ ಲೇಪವನ್ನು ಕುಂಚದಿಂದ ಪದರಪದರವಾಗಿ ಏರಿಸಿ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನಷ್ಟು ದಪ್ಪವಿಲ್ಲ, ನಮ್ಮ ಕಣ್ಣಿಗೆ ಅದೇ ಚೆಲುವು!

ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳೂ ಉಬ್ಬಿದ ‘ಶುಭಾಶಯ’ದ ಮೇಲೆ ಬೆರಳಾಡಿಸುತ್ತಾರೆ. ರಟ್ಟಿನಲ್ಲಿ ಕೊರೆದ ಅಕ್ಷರದ ಮೇಲೆ ಕಾಗದವಿಟ್ಟು ಹಿಂಬದಿಯಿಂದ ಒತ್ತುವಾಗ ಮಾತ್ರ, ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು.