ಕಳೆ
'ಕಳೆ' ಎಂದರೆ ತೆಗೆದುಹಾಕು. ಅಚ್ಚ ದ್ರಾವಿಡ ಕ್ರಿಯಾಪದ. ತೆಗೆದುಹಾಕಬೇಕಾದ ಗಿಡಕ್ಕೂ ಅದೇ ಹೆಸರಾಯಿತು. ತಮಿಳಿನ 'ಕಳೈ' ಕೂಡ ಹೀಗೇ. ಮುಖದ ಕಳೆ ಬೇರೆ, ಅದು ಸಂಸ್ಕೃತದ 'ಕಲಾ'ದಿಂದ ಬಂದದ್ದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಕಾರಟಗಿ ಸೀಮೆಯಲ್ಲಿ ಆಡುಮಾತಿನಲ್ಲಿ ಕಳೆಗಿಡ ಎಂದರೆ 'ಕಸ': "ಗದ್ದಿ ಕಸ ತೆಗಿಯಾಕ ಹೋಗ್ಯಾರ." ಕಸದಲ್ಲಿ ಜೇಕು ಮಹಾ ಹಟಮಾರಿ. ಮೇಲಿನ ಹುಲ್ಲು ಕಿತ್ತರೂ ಮಣ್ಣೊಳಗಿನ ಕರಿ ಗಡ್ಡೆ ಉಳಿದು ಮತ್ತೆ ಚಿಗುರುತ್ತದೆ.

ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವವರಿಗೂ ಇಂಥದೇ ಕಾಟ: ಐಪ್ಟೇಸಿಯಾ ಎಂಬ ಸೀ ಅನಿಮೋನಿ. ಕಿತ್ತರೆ ಬಂಡೆಗಂಟಿದ ಪಾದದ ಚೂರುಗಳೇ ಹೊಸ ಜೀವಿಗಳಾಗುತ್ತವೆ. ಅದನ್ನು ಮೇಯುವ ಪೆಪ್ಪರ್‌ಮಿಂಟ್ ಸಿಗಡಿ ಬಿಡುವುದುಂಟು. ಗಿಡವಲ್ಲದ ಈ ಪ್ರಾಣಿಗೂ 'ಕಳೆ' ಎಂಬ ಹೆಸರು ಧಾರಾಳವಾಗಿ ಒಪ್ಪುತ್ತದೆ.