ನಲವತ್ತೆಂಟು ಗಂಟೆಯ ಎರವಲು

ಮೊಬೈಲಿನಲ್ಲಿ ವಿಡಿಯೋದ ಕೆಳಗೆ ಕಾಣುವ ‘ಡೌನ್‌ಲೋಡ್’ ಎಂಬ ಪದವನ್ನು ನಾನು ತುಸು ಅನುಮಾನದಿಂದಲೇ ನೋಡುತ್ತೇನೆ. ಒತ್ತಿದರೆ ವಿಡಿಯೋ ಇಳಿಯುತ್ತದೆ, ನೆಟ್‌ವರ್ಕ್ ಸಿಗದ ಘಟ್ಟದ ದಾರಿಯಲ್ಲೂ ನೋಡಬಹುದು, ನಿಜ. ಆದರೆ ಅದು ನಮ್ಮದಾಯಿತೇ? ಈ ಪ್ರಶ್ನೆ ಇಂಟರ್‌ನೆಟ್ಟಿಗಿಂತ ಹಳೆಯದು.

1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೋ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು. ಟಿವಿಯಲ್ಲಿ ಬಂದದ್ದನ್ನು ಟೇಪಿಗಿಳಿಸಿ ಬಿಡುವಾದಾಗ ನೋಡಬಹುದು ಎನ್ನುವುದೇ ಅದರ ಆಕರ್ಷಣೆ. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಕೋರ್ಟಿಗೆ ಹೋದವು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಏರಿ, 1984ರ ಜನವರಿ 17ರಂದು 5–4ರ ಬಹುಮತದಲ್ಲಿ ಇತ್ಯರ್ಥವಾಯಿತು. ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಕಾಪಿರೈಟ್ ಉಲ್ಲಂಘನೆಯಲ್ಲ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದರು. ಮಕ್ಕಳ ಕಾರ್ಯಕ್ರಮದಿಂದ ಹೆಸರಾಗಿದ್ದ ಫ್ರೆಡ್ ರಾಜರ್ಸ್, ಕುಟುಂಬಗಳು ತನ್ನ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಅಭ್ಯಂತರವಿಲ್ಲ ಎಂದು ಹೇಳಿದ್ದ ಸಾಕ್ಷ್ಯವೂ ಆ ತೀರ್ಪಿನಲ್ಲಿದೆ. ಒಂದೇ ಒಂದು ಮತ ಆಚೆಗೆ ವಾಲಿದ್ದರೆ ಮನೆಮನೆಯ ವಿಸಿಆರ್ ಕಥೆ ಬೇರೆಯೇ ಆಗುತ್ತಿತ್ತು.

ಅನುಕೂಲಕ್ಕೆಂದು ಮಾಡಿಕೊಂಡ ಪ್ರತಿಗಳು ಎಷ್ಟೋ ಸಲ ದಾಖಲೆಗಳಾಗಿವೆ. ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಹಾಗೆ ಕಳೆದುಹೋದ ಕಂತುಗಳ ಧ್ವನಿಯಾದರೂ ಇಂದು ಉಳಿದಿರುವುದು ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರಿಂದ. ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಎಂಬಾಕೆ 2012ರಲ್ಲಿ ತೀರಿಕೊಳ್ಳುವವರೆಗೆ ದಶಕಗಳ ಕಾಲ ಟಿವಿ ಸುದ್ದಿಯನ್ನು ಹಗಲೂ ಇರುಳೂ ರೆಕಾರ್ಡ್ ಮಾಡಿದರು. ಸುಮಾರು 70,000 ಟೇಪುಗಳ ಆ ಸಂಗ್ರಹ ಈಗ ಇಂಟರ್‌ನೆಟ್ ಆರ್ಕೈವ್ ಬಳಿ ಇದೆ. ನಮ್ಮಲ್ಲೋ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ.

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ವಿಡಿಯೋ ಎಂಬುದು ಹರಿವ ನೀರಾಯಿತು. ತುಣುಕು ತುಣುಕಾಗಿ ಬರುತ್ತದೆ, ತೆರೆಯ ಮೇಲೆ ಕಾಣುತ್ತದೆ, ಮಾಯವಾಗುತ್ತದೆ. ವಾಸ್ತವದಲ್ಲಿ ನೋಡುವ ಹೊತ್ತಿಗೆ ಅಷ್ಟೂ ದತ್ತಾಂಶ ನಮ್ಮ ಯಂತ್ರಕ್ಕೆ ಬಂದೇ ಇರುತ್ತದೆ. ಉಳಿಸುವುದೆಂದರೆ ಅದನ್ನು ಎಸೆಯದಿರುವುದು, ಅಷ್ಟೆ. 2006ರಿಂದ ಇದ್ದ ‘ಯೂಟ್ಯೂಬ್-ಡಿಎಲ್’ ಎಂಬ ಉಚಿತ ತಂತ್ರಾಂಶ ಮಾಡುತ್ತಿದ್ದುದು ಅದನ್ನೇ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಒಕ್ಕೂಟ ನೋಟಿಸು ಕೊಟ್ಟು ಅದನ್ನು ಗಿಟ್‌ಹಬ್ ತಾಣದಿಂದ ತೆಗೆಸಿತು. ಪತ್ರಕರ್ತರು ಸಾಕ್ಷ್ಯ ಕಾಪಾಡಲೂ ಇದನ್ನು ಬಳಸುತ್ತಾರೆಂಬ ವಾದ ಎದ್ದಿತು. ನವೆಂಬರಿನಲ್ಲಿ ಗಿಟ್‌ಹಬ್ ಅದನ್ನು ಮರಳಿ ಇಟ್ಟಿತು.

ಅಷ್ಟರಲ್ಲಿ ಕಂಪನಿಗಳು ತಾವೇ ಬಾಗಿಲು ತೆರೆದಿದ್ದವು. ಡೇಟಾ ದುಬಾರಿಯಾಗಿದ್ದ, ಮೊಬೈಲ್ ಅಂಗಡಿಗಳಲ್ಲಿ ಕಾಸು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಳ್ಳುತ್ತಿದ್ದ ಕಾಲದಲ್ಲಿ, 2014ರ ಡಿಸೆಂಬರಿನಲ್ಲಿ, ಯೂಟ್ಯೂಬ್ ಭಾರತಕ್ಕೆ ಆಫ್‌ಲೈನ್ ಸೌಲಭ್ಯ ತಂದಿತು. ಉಳಿಸಿದ ವಿಡಿಯೋವನ್ನು ನೆಟ್ ಇಲ್ಲದೆ ನೋಡಲು 48 ಗಂಟೆಗಳ ಗಡುವಿತ್ತು. 2016ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೂಡ ಡೌನ್‌ಲೋಡ್ ಕೊಟ್ಟಿತು. ಆ ಫೈಲು ಬೀಗ ಹಾಕಿದ ಪೆಟ್ಟಿಗೆ. ಅವರ ಆ್ಯಪಿನಲ್ಲಷ್ಟೇ ತೆರೆಯುತ್ತದೆ, ಚಂದಾ ನಿಂತರೆ ಅದೂ ಹೋಗುತ್ತದೆ. ಮೆಮೊರಿ ಕಾರ್ಡಿನ ಹಾಡಿಗೆ ಇಂಥ ಗಡುವಿರಲಿಲ್ಲ. ಹಾಡಿದವರಿಗೆ ಅದರಿಂದ ಕಾಸೂ ಸಿಗುತ್ತಿರಲಿಲ್ಲ.

ನಮ್ಮ ಕಾನೂನೂ ಈ ಇಬ್ಬಂದಿಯಲ್ಲೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ ನ್ಯಾಯವಾದ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ.

ದುಡಿದವರಿಗೆ ಕೂಲಿ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎಲ್ಲ ಪ್ರತಿಗಳೂ ಎರವಲಾದರೆ, ಕೊಟ್ಟವರು ಹಿಂತೆಗೆದುಕೊಂಡ ದಿನ ಯಾರ ಬಳಿಯೂ ಏನೂ ಇರುವುದಿಲ್ಲ. ಓಲೆಗರಿ ಪುಡಿಯಾಗುವ ಮುನ್ನ ಯಾರೋ ಕೂತು ಪ್ರತಿ ಮಾಡಿದ್ದರಿಂದಲೇ ಹಳಗನ್ನಡದ ಕಾವ್ಯಗಳು ನಮ್ಮ ಕೈ ಸೇರಿದವು. ನಮ್ಮ ಕಾಲದ ಯಕ್ಷಗಾನ, ಭಾಷಣ, ಸಂದರ್ಶನಗಳೆಲ್ಲ ಈಗ ವಿಡಿಯೋದಲ್ಲೇ ಇವೆ. ಇವುಗಳ ಪ್ರತಿಯನ್ನು ಗಡುವಿಲ್ಲದೆ ಇಟ್ಟುಕೊಳ್ಳುವ ಕೆಲಸವನ್ನು ಗ್ರಂಥಾಲಯಗಳಿಗಾದರೂ ಕಾನೂನಿನ ಬೆಂಬಲದೊಂದಿಗೆ ಒಪ್ಪಿಸಬೇಕು.